ಐದನೇ ಸೆಮಿಸ್ಟರಿನ ಟೈಮ್‌ಟೇಬಲ್: ಮಗಳಿಗೊಂದು ಪತ್ರ

ಸಿರುಗುಪ್ಪ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಬಿಎಸ್ಸಿ ಟೈಮ್‌ಟೇಬಲ್ ನೋಡಿದೆ. ನಮ್ಮ ಹೈಸ್ಕೂಲ್ ಮೇಷ್ಟ್ರಿಗೂ ತೋರಿಸಿದೆ. ಸೋಮವಾರದಿಂದ ಶನಿವಾರದವರೆಗೂ ಎಲ್ಲ ಕ್ಲಾಸು ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತವೆ. ಕಡ್ಡಾಯದ ಲ್ಯಾಬುಗಳನ್ನೂ ಬೆಳಗಿನ ಬ್ಯಾಚಿಗೇ ಹಾಕಿಸಿಕೊಳ್ಳಲು ನೋಡಿದ್ದೀಯ. ಆಯ್ಕೆ ಪತ್ರಿಕೆಯಲ್ಲಿ ನೀರು, ಮಣ್ಣಿನ ವಿಶ್ಲೇಷಣೆ ಬಿಟ್ಟು, ಲ್ಯಾಬ್ ಇಲ್ಲದ ಇನ್ನೊಂದನ್ನು ಬರೆದಿದ್ದೀಯ. ಹಾಸ್ಟೆಲ್ ಬಿಟ್ಟು ದಿನಾ ಊರಿಂದಲೇ ಓಡಾಡುತ್ತೀನಿ, ಮಧ್ಯಾಹ್ನದ ಬಸ್ಸಿಗೆ ಬಂದರೆ ಮನೆ ಕೆಲಸಕ್ಕೆ ಆಗುತ್ತೀನಿ ಅಂತ ಅವ್ವನ ಮುಂದೆ ಹೇಳಿದೆಯಂತೆ.

ಅದು ಬೇಡವ್ವಾ. ಅವ್ವನ ಮೊಣಕಾಲು ನೋವು ನೋಡಿ ನಿನ್ನ ಮನಸ್ಸು ತಡೆದಿಲ್ಲ, ನನಗೆ ಗೊತ್ತು. ಆದರೆ ಅದಕ್ಕಾಗಿ ನೀನು ಪತ್ರಿಕೆ ಬದಲಿಸಬಾರದು. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, ನಿಜ. ಆದರೆ ಇಲ್ಲಿಂದ ತೆಕ್ಕಲಕೋಟೆ ದಾಟಿ ಬಳ್ಳಾರಿ ಮುಟ್ಟಿ, ಮತ್ತೆ ವಾಪಸ್ ಬರುವಷ್ಟರಲ್ಲಿ ಮೂರು ತಾಸು ಹೋಗುತ್ತದೆ. ನಿಂತುಕೊಂಡು ಬಂದವಳು ರಾತ್ರಿ ಪುಸ್ತಕ ಹಿಡಿಯುವುದು ಎಲ್ಲಿಯ ಮಾತು?

ಸಂಕ್ರಾಂತಿಗೆ ಬಂದವಳು ನಮ್ಮ ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಮುಂದಿನ ವಾರ ಫೋನ್ ಮಾಡಿ ಅರ್ಧ ತಾಸು ಬರೀ ಅದನ್ನೇ ಹೇಳಿದೆ. ಬ್ಯುರೆಟ್ ಅನ್ನುವ ಗಾಜಿನ ಅಳತೆ ಕೊಳವೆಯಿಂದ ಇಡಿಟಿಎ ಅನ್ನುವ ರಾಸಾಯನಿಕವನ್ನು ನೀರಿಗೆ ಹನಿಹನಿಯಾಗಿ ಬಿಡಬೇಕು, ಕೆಂಪಗಿದ್ದದ್ದು ನೀಲಿಗೆ ತಿರುಗಿದ ತಕ್ಷಣ ನಿಲ್ಲಿಸಬೇಕು, ಒಂದು ಹನಿ ಜಾಸ್ತಿಯಾದರೂ ಲೆಕ್ಕ ತಪ್ಪುತ್ತದೆ ಅಂತ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ, ನಮ್ಮದು ಅದಕ್ಕೂ ಮೇಲಿದೆ ಅಂದೆ. ತೊಗರಿಬೇಳೆ ಎಷ್ಟು ಕುದಿಸಿದರೂ ಯಾಕೆ ಬೇಯುತ್ತಿರಲಿಲ್ಲ ಅಂತ ನಿನ್ನ ಅವ್ವನಿಗೆ ಅವತ್ತೇ ತಿಳಿದದ್ದು. ಬೇರೆ ಯಾವ ಪಾಠದ ಬಗ್ಗೆಯೂ ನೀನು ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಂಥ ಪತ್ರಿಕೆಯನ್ನು ಬಸ್ಸಿನ ಟೈಮಿಗಾಗಿ ಬಿಡುವುದಾ?

ಆ ಪತ್ರಿಕೆ ಓದಿದವರಿಗೆ ನಮ್ಮ ಕಡೆ ಕೆಲಸವೂ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಎಲ್ಲಿ ಹೋದರೂ ಅದಿರಿನಲ್ಲಿ ಕಬ್ಬಿಣ ಎಷ್ಟು, ಸಿಲಿಕಾ ಎಷ್ಟು ಅಂತ ಪರೀಕ್ಷೆ ಮಾಡುವವರು ಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರಿಗೆ ಹೋಗುವ ನೀರನ್ನು ನೋಡುತ್ತಲೇ ಇರಬೇಕು. ಈ ಕೆಲಸಕ್ಕೆ ಲ್ಯಾಬಿನಲ್ಲಿ ಕೈ ಪಳಗಿರಬೇಕು. ಒಂದು ದಿನ ತಪ್ಪಿದ ಥಿಯರಿಯನ್ನು ಗೆಳತಿಯ ನೋಟ್ಸ್ ನೋಡಿ ಬರೆದುಕೊಳ್ಳಬಹುದು. ಲ್ಯಾಬಿಗೆ ಆ ದಾರಿ ಇಲ್ಲ. ಇನ್ನೊಂದು ಮಾತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತಲ್ಲ, ನೀನು ಸೇರಿದ್ದು ಅದೇ ವರ್ಷ. ಅಂದರೆ ನಿನಗೆ ನಾಲ್ಕನೇ ವರ್ಷ ಇಲ್ಲ. ಈಗ ಬಿಟ್ಟದ್ದನ್ನು ಆಮೇಲೆ ಓದಿದರಾಯಿತು ಅನ್ನುವ ಹಾಗಿಲ್ಲ.

ಮೇಷ್ಟ್ರ ಜೊತೆ ಕೂತು ತಾಸಿನ ಲೆಕ್ಕ ಹಾಕಿದೆ. ಥಿಯರಿಯಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ತಾಸು. ಲ್ಯಾಬಿನಲ್ಲಿ ಎರಡು ತಾಸು. ಹಾಗಾಗಿ ಎರಡು ಕ್ರೆಡಿಟ್ಟಿನ ಲ್ಯಾಬ್ ಕಾಗದದ ಮೇಲೆ ಸಣ್ಣದಾಗಿ ಕಂಡರೂ ವಾರಕ್ಕೆ ನಾಲ್ಕು ತಾಸು ಬೇಡುತ್ತದೆ. ರೆಕಾರ್ಡ್ ಬರೆಯುವುದು ಬೇರೆ. ಕನ್ನಡ, ಇಂಗ್ಲಿಷ್ ಪತ್ರಿಕೆಗಳು ನಾಲ್ಕನೇ ಸೆಮಿಸ್ಟರಿಗೇ ಮುಗಿದವಲ್ಲ, ಆ ಹೊತ್ತನ್ನು ಇದಕ್ಕೆ ಕೊಡು. ಆದರೆ ಲ್ಯಾಬ್ ಮಂಗಳವಾರ, ಗುರುವಾರ ಮಧ್ಯಾಹ್ನ ಇರಲಿ. ಬೆನ್ನುಬೆನ್ನಿಗೆ ಹಾಕಿಸಿಕೊಂಡರೆ ರೆಕಾರ್ಡ್ ಉಳಿದುಹೋಗುತ್ತದೆ.

ಬುಧವಾರ ಮಧ್ಯಾಹ್ನ ಏನೂ ಇಟ್ಟುಕೊಳ್ಳಬೇಡ. ಐಐಟಿಯ ಎಂಎಸ್ಸಿಗೆ ಸೇರಲು ಬರೆಯುವ ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ ಬರುತ್ತದೆ. ಮೂರು ತಾಸು, 60 ಪ್ರಶ್ನೆ, 100 ಅಂಕ. ಐಐಟಿಯಲ್ಲಿ ಎಂಎಸ್ಸಿ ಮಾಡಬೇಕು ಅಂತ ನೀನೇ ಹೇಳಿದ್ದೆ, ಅದನ್ನು ನಾನು ಮರೆತಿಲ್ಲ. ಲೈಬ್ರರಿಯಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸೋಕೆ ವಾರಕ್ಕೆ ಇದೊಂದು ಮಧ್ಯಾಹ್ನವಾದರೂ ಬೇಕು. ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸ್ ಎರಡು ಬರೆದಿದ್ದೀಯ, ಒಂದು ಸಾಕು. ಅದರಲ್ಲೂ ವಾರವಾರ ಅಸೈನ್‌ಮೆಂಟ್ ಕೊಡುತ್ತಾರೆ. ಎರಡನ್ನೂ ಹಿಡಿದು ಯಾವುದಕ್ಕೂ ನ್ಯಾಯ ಆಗದಿದ್ದರೆ ನೀನೇ ಕೊರಗುತ್ತೀಯ.

ಮನೆಯ ಚಿಂತೆ ನನಗಿರಲಿ. ಅವ್ವನನ್ನು ಮುಂದಿನ ವಾರ ಬಳ್ಳಾರಿಯಲ್ಲೇ ಮೂಳೆ ಡಾಕ್ಟರಿಗೆ ತೋರಿಸುತ್ತೇನೆ, ಆವಾಗ ನಿನ್ನನ್ನೂ ನೋಡಿಕೊಂಡು ಬರುತ್ತೇವೆ. ನಾಟಿ ಆಳುಗಳಿಗೆ ಬುತ್ತಿ ಕಟ್ಟೋಕೆ ನಿನ್ನ ಚಿಕ್ಕಮ್ಮ ಬರುತ್ತೇನೆ ಅಂದಿದ್ದಾಳೆ. ಸುಗ್ಗಿಗೆ ಕಟಾವು ಮಿಷನ್ ಹಚ್ಚುತ್ತೇನೆ. ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ನಿನ್ನ ಪರೀಕ್ಷೆಯೂ ಹತ್ತಿರ ಇರುತ್ತದೆ. ಆಗ ರಜೆ ಹಾಕಿ ಬರಬೇಡ. ಹಾಜರಿ ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಅಲ್ವಾ?

ಹಾಸ್ಟೆಲ್ ರಿನ್ಯೂವಲ್ ಅರ್ಜಿ ಬಿಡಬೇಡ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಹಾಕಿದ್ದೇನೆ. ಬಂದ ತಕ್ಷಣ ಅದರ ಮೇಲಿರುವ ಆರ್‌ಡಿ ನಂಬರ್ ಕಳಿಸುತ್ತೇನೆ. ಐಐಟಿ ಸಿಗದೆ ನಮ್ಮ ರಾಜ್ಯದಲ್ಲೇ ಎಂಎಸ್ಸಿ ಮಾಡುವುದಾದರೆ, ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ 371ಜೆ ಸರ್ಟಿಫಿಕೇಟೂ ಬೇಕಾಗುತ್ತದೆ, ನಿನ್ನ ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಕಳಿಸು, ಈಗಲೇ ಮಾಡಿಸಿಡುತ್ತೇನೆ. ನಾಳೆ ಕಾಲೇಜಿಗೆ ಹೋದವಳು ಮೊದಲು ಆಯ್ಕೆ ಪತ್ರಿಕೆ ಬದಲಿಸಿ ಬಾ. ಆಮೇಲೆ ಹೊಸ ಟೈಮ್‌ಟೇಬಲ್ಲಿನ ಫೋಟೋ ಹಾಕು.

ಇಂತಿ ನಿನ್ನ
ಅಪ್ಪ