ಕಣ್ಣಿನ ಪೊರೆ ತೆಗೆಯುವ ಮೊದಲು ಮೂತ್ರದ ಮಾತ್ರೆಯ ಬಗ್ಗೆಯೂ ಕೇಳಿ

ಚಿಕ್ಕಮಗಳೂರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ಮಾನ್ಯರೇ,

ಕಾಫಿ ಕೊಯ್ಲಿನ ದಿನಗಳಲ್ಲಿ ನಮ್ಮಪ್ಪ ಈಗ ಕಣದ ಕಡೆ ಬರುವುದಿಲ್ಲ. ಮೂಡಿಗೆರೆ ಸುತ್ತಿನ ತೋಟಗಳಲ್ಲಿ ನಲವತ್ತು ವರ್ಷ ಆಳು, ಲೆಕ್ಕ ನೋಡಿಕೊಳ್ಳುವ ರೈಟರ್ ಆಗಿದ್ದವರು. ಹರವಿದ ಕಾಫಿಯನ್ನು ಒಂದು ಹಿಡಿ ಎತ್ತಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಿದ್ದವರು. ಈಗ ಸಿಮೆಂಟು ಕಣದ ಬೆಳಕಿಗೆ ಅವರ ಬಲಗಣ್ಣಲ್ಲಿ ನೀರು ಸುರಿಯುತ್ತದೆ, ಆ ಕಣ್ಣಿನ ಪಾಪೆ ಕಿರಿದಾಗುವುದೇ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಒಳಮೂಲೆಯಲ್ಲಿ ಕೂರುತ್ತಾರೆ.

ಎರಡು ವರ್ಷದ ಹಿಂದೆ ಒಂದು ಶಿಬಿರದ ಮೂಲಕ ಅವರಿಗೆ ಪೊರೆಯ ಆಪರೇಷನ್ ಆಯಿತು. ಫಾರಂ ತುಂಬಿದವರು ಬಿಪಿ ಇದೆಯಾ, ಶುಗರ್ ಇದೆಯಾ ಎಂದು ಕೇಳಿದರು. ಎರಡೂ ಇರಲಿಲ್ಲ. ರಾತ್ರಿ ನಾಲ್ಕೈದು ಸಲ ಏಳುವ ತೊಂದರೆಗೆ ಅಪ್ಪ ನುಂಗುತ್ತಿದ್ದ ಪ್ರಾಸ್ಟೇಟ್ ಮಾತ್ರೆಯ ಬಗ್ಗೆ ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಕಣ್ಣಿಗೂ ಮೂತ್ರಕ್ಕೂ ಸಂಬಂಧವಿದೆಯೆಂದು ಜೊತೆಗಿದ್ದ ನನಗೂ ಹೊಳೆಯಲಿಲ್ಲ.

ಸಂಬಂಧವಿದೆ. ಆ ಮಾತ್ರೆಯ ಹೆಸರು ಟ್ಯಾಮ್ಸುಲೋಸಿನ್. ಮೂತ್ರದ ದಾರಿಯ ಸ್ನಾಯುವನ್ನು ಅದು ಹೇಗೆ ಸಡಿಲಿಸುತ್ತದೋ, ಪಾಪೆಯನ್ನು ಅಗಲಿಸುವ ಸ್ನಾಯುವನ್ನೂ ಹಾಗೆಯೇ ಸಡಿಲಿಸುತ್ತದೆ. ಆಪರೇಷನ್ ನಡೆಯುವಾಗ ಪಾಪೆಯ ಸುತ್ತಲಿನ ಬಣ್ಣದ ಪರದೆ, ಅಂದರೆ ಐರಿಸ್, ಒದ್ದೆ ಬಟ್ಟೆಯ ಹಾಗೆ ಅಲೆಯಬಹುದು, ಕೊಯ್ದ ಗಾಯದ ಕಡೆ ಜಾರಬಹುದು, ಅಗಲಿಸಿದ ಪಾಪೆ ನಡುವೆಯೇ ಮುದುಡಬಹುದು. ಆಗ ಐರಿಸ್‌ಗೆ ಪೆಟ್ಟಾದರೆ ಬೆಳಕಿಗೆ ತಡೆಯೇ ಉಳಿಯದೆ ಹೋಗಬಹುದು. 2005ರಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ಮೊದಲೇ ಗೊತ್ತಿದ್ದರೆ ಐರಿಸ್ ಹಿಡಿದಿಡುವ ಸಣ್ಣ ಕೊಕ್ಕೆಗಳಿವೆ, ಕಣ್ಣೊಳಗೆ ಹಾಕುವ ಔಷಧಿಯಿದೆ. ಆಪರೇಷನ್‌ಗೆ ಮುಂಚೆ ನಾಲ್ಕು ದಿನ ಮಾತ್ರೆ ಬಿಟ್ಟರೆ ಸಾಲದು. ಬಿಟ್ಟು ವರ್ಷಗಳಾದವರಲ್ಲೂ ಹೀಗಾಗಿದೆ. ಹಾಗೆಂದು ಯಾರೂ ತಾವಾಗಿ ನಿಲ್ಲಿಸಲೂ ಬಾರದು, ಮೂತ್ರ ಕಟ್ಟಿಕೊಳ್ಳಬಹುದು. ಡಾಕ್ಟರಿಗೆ ಹೇಳಿದರೆ ಸಾಕು. ಮೂತ್ರದ ಕಲ್ಲಿಗೂ ಇದನ್ನೇ ಕೊಡುವುದರಿಂದ ಹೆಂಗಸರನ್ನೂ ಕೇಳಬೇಕು.

ಇದೊಂದೇ ಮಾತ್ರೆಯಲ್ಲ. ಹೃದಯ ಬಡಿತ ತಪ್ಪುವವರಿಗೆ ಕೊಡುವ ಅಮಿಯೊಡರೋನ್ ಕಣ್ಣಿನ ಕರಿಗುಡ್ಡೆಯ ಮೇಲೆ ಕೂತು, ದೀಪದ ಸುತ್ತ ಬಳೆ ಕಾಣಿಸಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುವ ಹುಡುಗ ಹುಡುಗಿಯರ ಕಣ್ಣು ಒಣಗಿ ಬೆಳಕು ಚುಚ್ಚಬಹುದು. ಅಂಥವರು ಕನ್ನಡಕ ಬಿಡಲು ಲೇಸರ್ ಮಾಡಿಸಲು ಹೊರಟರೆ ಮೊದಲು ಡಾಕ್ಟರಿಗೆ ಹೇಳಬೇಕು. ಕಣ್ಣಿಗಷ್ಟೇ ಅಲ್ಲ, ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ತೆಗೆದುಕೊಂಡು ತೋಟದಲ್ಲಿ ದುಡಿಯುವವರಿಗೆ ಬಿಸಿಲಿನಲ್ಲಿ ಚರ್ಮ ಸುಡಬಹುದೆಂದು ಚೀಟಿ ಕೊಡುವಾಗ ಒಂದು ಮಾತು ಹೇಳಿದರೆ ತಲೆಗೆ ಟೋಪಿಯಾದರೂ ಹಾಕಿಕೊಳ್ಳುತ್ತಾರೆ.

ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ಶಿಬಿರಗಳಿಂದ ದೃಷ್ಟಿ ಪಡೆದ ಅಜ್ಜಿಯರು ನಮ್ಮೂರಲ್ಲೇ ಇದ್ದಾರೆ, ಶಿಬಿರ ನಿಲ್ಲಬಾರದು. ಫಾರಂನಲ್ಲಿ ಇಷ್ಟು ಸೇರಿಸಿ, ಕನ್ನಡದಲ್ಲೇ: "ಮೂತ್ರಕ್ಕೆ, ಪ್ರಾಸ್ಟೇಟ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹಿಂದೆ ತೆಗೆದುಕೊಂಡಿದ್ದಿರಾ?" ಶಿಬಿರಕ್ಕೆ ಕರೆಯುವ ಆಶಾ ಕಾರ್ಯಕರ್ತೆಯರು ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ, ಖಾಲಿಯಾದವನ್ನೂ, ತನ್ನಿ ಎಂದು ಹೇಳಲಿ. ಓದಲು ಬಾರದವರಿಗೂ ಆಗುವ ಕೆಲಸ ಅದು.

ಅಪ್ಪನ ಎಡಗಣ್ಣಿಗೂ ಪೊರೆ ಬಂದಿದೆ. "ಇರೋ ಒಂದು ಕಣ್ಣು ಹೀಗೇ ಇರ್ಲಿ ಬಿಡು ಮಗಾ" ಎನ್ನುತ್ತಾರೆ. ಈ ಸಲ ಎಲ್ಲ ಕೇಳಿಕೊಂಡೇ ಮಾಡುತ್ತಾರೆ ಎಂದು ಅವರಿಗೆ ಹೇಳಲು ನನಗೆ ನಿಮ್ಮ ಉತ್ತರ ಬೇಕು.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಮಗಳು