ಉದ್ರಿ ಕೊಡುವ ಮುನ್ನ ವಿದೇಶಿ ಗಿರಾಕಿಯ ಜಾತಕ ನೋಡಿ

ಮಾನ್ಯ ಸಂಪಾದಕರೇ,

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಸ್ವತಂತ್ರ ಅನುವಾದಕರಿಗೆ ಇವತ್ತು ಒಳ್ಳೆಯ ರೇಟಿನ ಕೆಲಸ ಸಿಗುವುದು ಹೆಚ್ಚಾಗಿ ಹೊರದೇಶದ ಏಜೆನ್ಸಿಗಳಿಂದ. ಮೊಬೈಲ್ ಆ್ಯಪಿನ ಪರದೆಯ ಸಾಲುಗಳು, ಔಷಧ ಪ್ರಯೋಗಕ್ಕೆ ಸೇರುವವರ ಒಪ್ಪಿಗೆ ಪತ್ರ, ವಾಷಿಂಗ್ ಮಷೀನಿನ ಕೈಪಿಡಿ ಎಲ್ಲವೂ ಇಮೇಲಿನಲ್ಲಿ ಬಂದು ಇಮೇಲಿನಲ್ಲೇ ಹೋಗುತ್ತವೆ. ಕೆಲಸ ಕಳಿಸಿದ ಮೇಲೆ ದುಡ್ಡಿಗೆ 30, 45, ಕೆಲವೊಮ್ಮೆ 60 ದಿನ ಕಾಯಬೇಕು. ಕಿರಾಣಿ ಅಂಗಡಿಯ ಮಾತಿನಲ್ಲಿ ಇದು ಉದ್ರಿ. ಊರಿನ ಅಂಗಡಿಯವರು ಹೊಸ ಮುಖಕ್ಕೆ ಉದ್ರಿ ಬರೆಯುವ ಮೊದಲು ಯಾರ ಮನೆಯವರು, ಎಲ್ಲಿ ಕೆಲಸ, ಬೇರೆ ಅಂಗಡಿಯಲ್ಲಿ ಬಾಕಿ ಎಷ್ಟು ಎಂದು ವಿಚಾರಿಸುತ್ತಾರೆ. ಈಚೆಗೆ ಈ ಕಸುಬಿಗೆ ಬರುತ್ತಿರುವ ಹುಡುಗ ಹುಡುಗಿಯರು ಮಾತ್ರ ಒಂದು ಇಮೇಲ್ ನಂಬಿ ಹತ್ತು ಸಾವಿರ ಪದಗಳ ಉದ್ರಿ ಕೊಟ್ಟು ಕೂರುತ್ತಾರೆ. ಅವರಿಗಾಗಿ ಈ ಪತ್ರ.

ಮೊದಲು ಶುದ್ಧ ಮೋಸದ ಮಾತು ಮುಗಿಸಿಬಿಡುತ್ತೇವೆ, ಅದನ್ನು ಗುರುತಿಸುವುದು ಸುಲಭ. ಪಿಡಿಎಫ್ ಪುಟಗಳನ್ನು ಟೈಪ್ ಮಾಡಿ ಅಥವಾ ಅನುವಾದಿಸಿ, ಪುಟಕ್ಕೆ ಇಷ್ಟು ಡಾಲರ್ ಎಂದು ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ಆಸೆ ತೋರಿಸುತ್ತಾರೆ. ಕೆಲಸ ಮುಗಿದ ಮೇಲೆ ಹಣ ಬಿಡುಗಡೆಗೆ 'ಸದಸ್ಯತ್ವ ಶುಲ್ಕ' ಕೇಳುತ್ತಾರೆ. ಅನುವಾದಕರಿಂದ ದುಡ್ಡು ಕೇಳಿದ ಕ್ಷಣವೇ ಅದು ಕೆಲಸವಲ್ಲ ಎಂದು ತಿಳಿಯಿರಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎರಡನೆಯದು ಹೆಚ್ಚುವರಿ ಪಾವತಿಯ ಆಟ. 400 ಡಾಲರಿನ ಕೆಲಸಕ್ಕೆ 2,400 ಡಾಲರಿನ ಚೆಕ್ ಬರುತ್ತದೆ, 'ಲೆಕ್ಕದವರು ತಪ್ಪು ಮಾಡಿದ್ದಾರೆ, ಉಳಿದದ್ದನ್ನು ಇಂದೇ ಈ ಖಾತೆಗೆ ಹಾಕಿ' ಎಂಬ ಪತ್ರವೂ ಬರುತ್ತದೆ. ವಿದೇಶಿ ಚೆಕ್ ನಿಜಕ್ಕೂ ನಗದಾಗಲು ವಾರಗಳೇ ಬೇಕು. ಅದು ಬೌನ್ಸ್ ಆಗುವ ಹೊತ್ತಿಗೆ ನೀವು ಕೈಯಿಂದ ಹಾಕಿದ ಹಣ ಕೈಬಿಟ್ಟಿರುತ್ತದೆ.

ಮೂರನೆಯದು ಬಯೋಡೇಟಾ ಕಳವು. ಕೆಲಸ ಕೊಡುವ ನೆಪದಲ್ಲಿ ನಿಮ್ಮ ಬಯೋಡೇಟಾ ತರಿಸಿಕೊಂಡು, ಇಮೇಲ್ ವಿಳಾಸ ಒಂದನ್ನು ಬದಲಿಸಿ, ನಿಮ್ಮ ಹೆಸರಿನಲ್ಲೇ ಏಜೆನ್ಸಿಗಳಿಂದ ಕೆಲಸ ಪಡೆದು, ಯಂತ್ರಾನುವಾದ ತುಂಬಿ ಕಳಿಸುತ್ತಾರೆ. ಕೆಟ್ಟ ಹೆಸರು ನಿಮಗೆ, ದುಡ್ಡು ಅವರಿಗೆ. ಆದ್ದರಿಂದ ಬಯೋಡೇಟಾವನ್ನು ವರ್ಡ್ ಫೈಲಿನಲ್ಲಿ ಕಳಿಸಬೇಡಿ. ಪಿಡಿಎಫ್ ಮಾಡಿ, ಪ್ರತಿ ಪುಟದಲ್ಲೂ ನಿಮ್ಮ ಇಮೇಲ್ ವಿಳಾಸವನ್ನು ವಾಟರ್‌ಮಾರ್ಕ್ ಆಗಿ ಹಾಕಿ, ಜನ್ಮದಿನಾಂಕ ಮತ್ತು ಅಂಕಪಟ್ಟಿಯ ಸ್ಕ್ಯಾನ್ ಬಿಡಿ. ಆಧಾರ್ ಪ್ರತಿಯನ್ನಂತೂ ಯಾವ ವಿದೇಶಿ ಏಜೆನ್ಸಿಗೂ ಕೊಡುವ ಅಗತ್ಯವಿಲ್ಲ.

ಇವೆಲ್ಲ ಕಳ್ಳರ ವಿಷಯ. ನಮ್ಮ ಕಸುಬಿನವರ ಹೆಚ್ಚಿನ ದುಡ್ಡು ಮುಳುಗುವುದು ಕಳ್ಳರಲ್ಲಿ ಅಲ್ಲ, ನೋಂದಣಿಯಿರುವ, ವೆಬ್‌ಸೈಟಿರುವ, ಸೌಜನ್ಯದಿಂದ ಪತ್ರ ಬರೆಯುವ, ಆದರೆ ಕೈ ಖಾಲಿಯಾದ ಏಜೆನ್ಸಿಗಳಲ್ಲಿ. ಇಲ್ಲೇ ಸ್ವಲ್ಪ ಹೊತ್ತು ಕೂತು ಹುಡುಕಬೇಕು.

ಇಮೇಲಿನಲ್ಲಿ @ ಆದ ಮೇಲೆ ಏನಿದೆ ಎಂದು ಅಕ್ಷರ ಅಕ್ಷರವಾಗಿ ಓದಿ. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಬಂದರೆ ಎಂ ಅಕ್ಷರದಂತೆ ಕಾಣುತ್ತದೆ. ಹೆಸರಾಂತ ಏಜೆನ್ಸಿಯ ಹೆಸರಿಗೆ ಹೀಗೆ ಅವಳಿ ವಿಳಾಸ ಮಾಡಿಕೊಂಡವರಿದ್ದಾರೆ. ಪತ್ರ ಬಂದದ್ದು ಕಂಪನಿಯ ವಿಳಾಸದಿಂದ, 'ರಿಪ್ಲೈ' ಒತ್ತಿದರೆ ಹೋಗುವುದು ಜಿಮೇಲಿಗೆ ಎಂದಾದರೂ ಅಲ್ಲಿಗೇ ನಿಲ್ಲಿಸಿ. ವೆಬ್ ವಿಳಾಸಗಳ ನೋಂದಣಿ ವಿವರ ತೋರಿಸುವ ಹೂಈಸ್ ಹುಡುಕಾಟದಲ್ಲಿ ಡೊಮೇನ್ ನೋಂದಣಿಯಾದ ದಿನಾಂಕ ಕಾಣುತ್ತದೆ. 'ಇಪ್ಪತ್ತು ವರ್ಷದ ಅನುಭವ' ಎಂದು ಬರೆದುಕೊಂಡವರ ಡೊಮೇನಿಗೆ ಎರಡೇ ತಿಂಗಳಾಗಿದ್ದರೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ಮಾತು: ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನೂ ಕೆನಡಾದ ಫ್ರೆಂಚನ್ನೂ ಕಲಸಿಕೊಂಡು ಪತ್ರ ಬರೆಯುವವರು ಮೋಸಗಾರರೇ ಆಗಿರಬೇಕಿಲ್ಲ, ಅದು ಬರೀ ಅಜ್ಞಾನ.

ಆಮೇಲೆ ಕಂಪನಿಯ ಜಾತಕ. ಬ್ರಿಟನ್ನಿನ ಏಜೆನ್ಸಿಯಾದರೆ ಅಲ್ಲಿನ ಸರ್ಕಾರಿ ಕಂಪನಿ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನ ತಾಣದಲ್ಲಿ ಎಲ್ಲವೂ ಉಚಿತವಾಗಿ ಸಿಗುತ್ತದೆ. ಹೆಸರು ಹಾಕಿದರೆ ನೋಂದಣಿ ಸಂಖ್ಯೆ, ನಿರ್ದೇಶಕರು, ಪ್ರತಿ ವರ್ಷ ಸಲ್ಲಿಸಿದ ಲೆಕ್ಕಪತ್ರ ಕಾಣುತ್ತವೆ. ಲೆಕ್ಕಪತ್ರ ಸಲ್ಲಿಸುವ ಗಡುವು ಮೀರಿದೆ ಎಂದಿದ್ದರೆ ಹುಷಾರು. 'ಆಕ್ಟಿವ್ ಪ್ರಪೋಸಲ್ ಟು ಸ್ಟ್ರೈಕ್ ಆಫ್' ಎಂದಿದ್ದರೆ ಕಂಪನಿಯ ಹೆಸರನ್ನು ದಾಖಲೆಯಿಂದ ತೆಗೆದುಹಾಕುವ ಪ್ರಕ್ರಿಯೆ ನಡೆದಿದೆ ಎಂದರ್ಥ, ಅಂಥವರಿಗೆ ಒಂದು ಸಾಲೂ ಉದ್ರಿ ಬೇಡ. ಇತ್ತೀಚಿನ ಲೆಕ್ಕಪತ್ರದ ಪಿಡಿಎಫ್ ತೆರೆದು ಎರಡೇ ಅಂಕಿ ನೋಡಿ: ಚಾಲ್ತಿ ಆಸ್ತಿ ಎಷ್ಟು, ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿ ಎಷ್ಟು. ಬಾಕಿಯೇ ದೊಡ್ಡದಿದ್ದರೆ ಆ ಬಾಕಿಯೊಳಗೆ ಅನುವಾದಕರ ಬಿಲ್ಲುಗಳೂ ಇರುತ್ತವೆ. ಐರೋಪ್ಯ ಒಕ್ಕೂಟದ ಕಂಪನಿಗಳ ವ್ಯಾಟ್ ಸಂಖ್ಯೆಯನ್ನು ಒಕ್ಕೂಟದ್ದೇ ಆದ ವಿಯೆಸ್ ತಾಣದಲ್ಲಿ ಪರೀಕ್ಷಿಸಬಹುದು. ಜರ್ಮನಿಯ ಸಂಖ್ಯೆ ಹಾಕಿದರೆ ಮಾತ್ರ ಅದು ಸಂಖ್ಯೆ ಸರಿಯಿದೆ ಎಂದಷ್ಟೇ ಹೇಳುತ್ತದೆ, ಯಾರದೆಂದು ತೋರಿಸುವುದಿಲ್ಲ. ಆಸ್ಟ್ರೇಲಿಯಾದ ವ್ಯಾಪಾರ ನೋಂದಣಿ ಸಂಖ್ಯೆ ಹುಡುಕಲು ಎಬಿಎನ್ ಲುಕಪ್ ತಾಣವಿದೆ. ಅಮೆರಿಕದಲ್ಲಿ ನೋಂದಣಿ ರಾಜ್ಯವಾರು, ಆದ್ದರಿಂದ ಯಾವ ರಾಜ್ಯ ಎಂದು ಅವರನ್ನೇ ಕೇಳಿ.

ಹಣ ಕೊಡುವ ಅಭ್ಯಾಸ ಹೇಗಿದೆ ಎಂಬುದು ಸರ್ಕಾರಿ ದಾಖಲೆಯಲ್ಲಿ ಸಿಗದು. ಅದಕ್ಕೆ ಅನುವಾದಕರ ತಾಣ ಪ್ರೋಜ್ ಡಾಟ್ ಕಾಂನ ಬ್ಲೂ ಬೋರ್ಡ್‌ನಂಥ ಪಟ್ಟಿಗಳಿವೆ. ಅಲ್ಲಿ ಕೆಲಸ ಮಾಡಿದ ಅನುವಾದಕರು ಏಜೆನ್ಸಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಹೊಸಬರು ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಸರಾಸರಿ ಬಿಡಿ, ದಿನಾಂಕ ನೋಡಿ. ಹತ್ತು ವರ್ಷ ಬರೀ ಐದೈದು ಬಂದು, ಕಳೆದ ಆರು ತಿಂಗಳಲ್ಲಿ ಎರಡು, ಒಂದು, ಒಂದು ಎಂದಿದ್ದರೆ ಸರಾಸರಿ ಇನ್ನೂ 4.6 ತೋರಿಸುತ್ತಿರುತ್ತದೆ, ಏಜೆನ್ಸಿ ಮಾತ್ರ ಮುಳುಗುತ್ತಿರುತ್ತದೆ. ಹಳೆಯ ಅನುವಾದಕರು ದುಡ್ಡು ಬರದೆ ಬಿಟ್ಟುಹೋದಾಗಲೇ ಇಂಥವರು ಹೊಸಬರನ್ನು ಹುಡುಕಿಕೊಂಡು ಬರುವುದು.

ಇನ್ನು ಪರೀಕ್ಷಾ ಅನುವಾದ. 250–300 ಪದ ಪುಕ್ಕಟೆ ಮಾಡಿಕೊಡುವುದು ರೂಢಿ. 900 ಪದ, ಅದೂ ಮೊದಲು ಕೊನೆ ಇಲ್ಲದ ತುಣುಕು, ನಾಳೆ ಬೆಳಿಗ್ಗೆಯೇ ಬೇಕು ಎಂದರೆ ಒಂದು ಇಡೀ ದಾಖಲೆಯನ್ನು ಕತ್ತರಿಸಿ ಹತ್ತು ಅಭ್ಯರ್ಥಿಗಳಿಗೆ ಹಂಚಿರುವ ಸಾಧ್ಯತೆಯೇ ಹೆಚ್ಚು. ಮೊದಲ 300 ಪದ ಮಾಡಿ ಕಳಿಸಿ, ಉಳಿದದ್ದಕ್ಕೆ ರೇಟು ಹೇಳಿ. ನಿಜವಾದ ಗಿರಾಕಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ರೇಟಿನ ವಿಚಾರದಲ್ಲಿ ಕನ್ನಡದವರಿಗೇ ಇರುವ ಒಂದು ಗುಂಡಿ ಇದೆ. 'ಪದಕ್ಕೆ ಇಷ್ಟು' ಎಂದಾಗ ಯಾವ ಭಾಷೆಯ ಪದ? 'ಯು ಆರ್ ನಾಟ್ ಏಬಲ್ ಟು ಲಾಗ್ ಇನ್ ಟು ಯುವರ್ ಅಕೌಂಟ್' ಎಂಬುದು ಇಂಗ್ಲಿಷಿನಲ್ಲಿ 10 ಪದ. 'ನಿಮ್ಮ ಖಾತೆಗೆ ಲಾಗಿನ್ ಆಗಲು ಆಗುತ್ತಿಲ್ಲ' ಎಂದರೆ 5. ವಿಭಕ್ತಿ, ಕ್ರಿಯಾಪದದ ನಿಷೇಧ, ಕಾಲ ಎಲ್ಲವನ್ನೂ ನಾವು ಪದದ ಬಾಲಕ್ಕೇ ಕಟ್ಟುವುದರಿಂದ ಹೀಗೆ. ಎಲ್ಲ ವಾಕ್ಯವೂ ಅರ್ಧಕ್ಕೆ ಇಳಿಯುವುದಿಲ್ಲ, ಆದರೆ ಕನ್ನಡ ಪದ ಎಣಿಸಿ ದುಡ್ಡು ಕೊಡುತ್ತೇವೆ ಎನ್ನುವವರಿಗೆ ಒಪ್ಪಿದರೆ ನಷ್ಟ ಖಚಿತ. ಮೂಲ ಪದದ ಲೆಕ್ಕ ಎಂದು ಪತ್ರದಲ್ಲೇ ಬರೆಸಿಕೊಳ್ಳಿ.

ಅದಾದ ಮೇಲೆ ಕಡಿತದ ಕೋಷ್ಟಕ ಬರುತ್ತದೆ. ಟ್ರಾಡೋಸ್, ಮೆಮೊಕ್ಯೂ, ಫ್ರೇಸ್‌ನಂಥ ಅನುವಾದ ತಂತ್ರಾಂಶ ಬಳಸುವ ಏಜೆನ್ಸಿಗಳು ಅದರಲ್ಲಿ ಕೂಡಿಟ್ಟ ಹಳೆಯ ಅನುವಾದಗಳನ್ನು ಹೋಲುವ ವಾಕ್ಯಗಳಿಗೆ ಕಡಿಮೆ ಕೊಡುತ್ತವೆ. 5,000 ಪದದ ಕೆಲಸ, ಪದಕ್ಕೆ 4 ಸೆಂಟ್ ಎಂದಿಟ್ಟುಕೊಳ್ಳಿ. ಅದರಲ್ಲಿ 1,200 ಪದ ಪುನರಾವರ್ತನೆ, ಅದಕ್ಕೆ ಶೇ 25; 800 ಪದ ಶೇ 85ರಿಂದ 99 ಹೋಲಿಕೆ, ಅದಕ್ಕೆ ಶೇ 60; ಉಳಿದ 3,000 ಹೊಸತು. ಲೆಕ್ಕಕ್ಕೆ ಬರುವುದು 300, 480, 3,000 ಸೇರಿ 3,780 ಪದ. ಕೈಗೆ ಸಿಗುವುದು 151 ಡಾಲರ್, 200 ಅಲ್ಲ. ಕೋಷ್ಟಕವೇ ತಪ್ಪು ಎಂದು ನಾವು ಹೇಳುವುದಿಲ್ಲ. ಕೆಲಸ ಒಪ್ಪುವ ಮುನ್ನ ಅದನ್ನು ತೋರಿಸದೆ ಬಿಲ್ಲಿನ ಹೊತ್ತಿಗೆ ತೆಗೆಯುವವರ ಸಹವಾಸ ಬೇಡ. ಹಾಗೆಯೇ 'ಬರೀ ರಿವ್ಯೂ, ಅರ್ಧ ರೇಟು' ಎಂದರೆ ಫೈಲ್ ತೆರೆದು ಮೊದಲ ಇಪ್ಪತ್ತು ಸಾಲು ಓದಿಯೇ ಉತ್ತರಿಸಿ. 'ಕ್ಲಿಯರ್ ಆಲ್' ಗುಂಡಿ 'ಎಲ್ಲವೂ ಸ್ಪಷ್ಟ' ಎಂದೂ, 'ಬುಕ್ ನೌ' ಎಂಬುದು 'ಈಗ ಪುಸ್ತಕ' ಎಂದೂ ಆಗಿದ್ದರೆ ಅದು ಮನುಷ್ಯ ಮಾಡಿದ ಅನುವಾದವಲ್ಲ. ಐಎಸ್‌ಒ 17100 ಎಂಬ ಅನುವಾದ ಸೇವೆಯ ಮಾನದಂಡದ ಪರಿಷ್ಕರಣೆ ಬೇರೆ, ಯಂತ್ರಾನುವಾದ ತಿದ್ದುವ ಕೆಲಸ ಬೇರೆ. ಎರಡನೆಯದಕ್ಕೆ ಐಎಸ್‌ಒ 18587 ಎಂಬ ಪ್ರತ್ಯೇಕ ಮಾನದಂಡವೇ ಇದೆ. 17100 ಪಡೆದ ಏಜೆನ್ಸಿ ಈ ವ್ಯತ್ಯಾಸ ತಿಳಿಯದವರಂತೆ ನಟಿಸಿದರೆ ಅದೇ ಒಂದು ಸೂಚನೆ.

ಒಪ್ಪಂದಕ್ಕೆ ಸಹಿ ಹಾಕುವಾಗ ಗೌಪ್ಯತೆಯ ಪುಟಗಳನ್ನು ಬೇಗ ದಾಟಿ, ಹಣದ ಕಲಮುಗಳಲ್ಲಿ ನಿಲ್ಲಿ. 'ಮೂಲ ಗ್ರಾಹಕರಿಂದ ನಮಗೆ ಹಣ ಬಂದ ಮೇಲೆ ನಿಮಗೆ' ಎಂಬ ಸಾಲಿದ್ದರೆ ಅವರ ವ್ಯಾಪಾರದ ನಷ್ಟವನ್ನು ನೀವು ಹೊರುತ್ತಿದ್ದೀರಿ, ಅದನ್ನು ಹೊಡೆದುಹಾಕಿಸಿ. ದೂರು ಹೇಳಲು ಕೊನೆಯ ದಿನ ಇರಬೇಕು, 14 ದಿನ ಸಾಕು. ಇಲ್ಲದಿದ್ದರೆ ಬಿಲ್ಲಿನ ಗಡುವಿನ ದಿನವೇ 'ಗುಣಮಟ್ಟ ಸರಿಯಿಲ್ಲ' ಎಂಬ ರಾಗ ಶುರುವಾಗುತ್ತದೆ. ಕನ್ನಡದಲ್ಲಿ ಈ ರಾಗಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದೆ ಪುಟ ಕಟ್ಟಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ, ತಪ್ಪು ಅನುವಾದಕರ ತಲೆಗೆ ಬರುತ್ತದೆ. ಕೆಲಸ ಕಳಿಸುವಾಗ ಯೂನಿಕೋಡ್ ಫೈಲಿನ ಜೊತೆ ನಿಮ್ಮದೇ ಒಂದು ಪಿಡಿಎಫ್ ಲಗತ್ತಿಸಿದರೆ ಸಾಕ್ಷಿ ಉಳಿಯುತ್ತದೆ.

'45 ದಿನ' ಎಂಬುದನ್ನೂ ಬಿಡಿಸಿ ಕೇಳಿ. ಬಿಲ್ಲಿನ ದಿನದಿಂದಲೋ, ತಿಂಗಳ ಕೊನೆಯಿಂದಲೋ? ಜೂನ್ 3ಕ್ಕೆ ಮುಗಿಸಿದ ಕೆಲಸಕ್ಕೆ ತಿಂಗಳ ಕೊನೆಯಿಂದ 45 ದಿನ ಎಂದರೆ ಆಗಸ್ಟ್ 14, ಒಟ್ಟು 72 ದಿನ. ಪಿಒ (ಏಜೆನ್ಸಿ ಬರೆದುಕೊಡುವ ಕೆಲಸದ ಆದೇಶ) ಸಂಖ್ಯೆ ಇಲ್ಲದೆ ಕೆಲಸ ಶುರು ಮಾಡಬೇಡಿ. ಪ್ರಾಜೆಕ್ಟ್ ಮ್ಯಾನೇಜರ್ 'ಶುರು ಮಾಡಿ, ಪಿಒ ನಾಳೆ' ಎಂದು ಹೇಳಿ ಮರುವಾರ ಕೆಲಸ ಬಿಟ್ಟಿರುತ್ತಾರೆ, ಲೆಕ್ಕ ವಿಭಾಗಕ್ಕೆ ನಿಮ್ಮ ಹೆಸರೇ ಗೊತ್ತಿರುವುದಿಲ್ಲ.

ದುಡ್ಡು ಬರುವ ದಾರಿಯಲ್ಲೂ ಸೋರಿಕೆ ಇದೆ. ದೇಶದಿಂದ ದೇಶಕ್ಕೆ ಬ್ಯಾಂಕುಗಳ ಸ್ವಿಫ್ಟ್ ವರ್ಗಾವಣೆಯಲ್ಲಿ ಮಧ್ಯದ ಬ್ಯಾಂಕು ಹತ್ತಿಪ್ಪತ್ತು ಡಾಲರ್ ಹಿಡಿದುಕೊಳ್ಳುವುದುಂಟು, ಆದ್ದರಿಂದ 50 ಡಾಲರಿನ ಬಿಲ್ಲನ್ನು ಒಂಟಿಯಾಗಿ ಕಳಿಸದೆ ಎರಡು ಮೂರು ಸೇರಿಸಿ. ಶುಲ್ಕ ಪೂರ್ತಿ ಕಳಿಸುವವರದು ಎನ್ನಲು 'ಅವರ್', ಹಂಚಿಕೆ ಎನ್ನಲು 'ಶಾ' ಎಂಬ ಸಂಕೇತಗಳಿವೆ, ಯಾವುದೆಂದು ಮೊದಲೇ ಮಾತಾಡಿ. ಪೇಪಾಲ್‌ನಲ್ಲಿ ಶೇ 4ಕ್ಕೂ ಮೇಲೆ ಶುಲ್ಕ, ಅದರ ಮೇಲೆ ವಿನಿಮಯ ದರದಲ್ಲೂ ಕಡಿತ. ಅಮೆರಿಕದ ಏಜೆನ್ಸಿ ಡಬ್ಲ್ಯು-8ಬೆನ್ ನಮೂನೆ ಕೇಳಿದರೆ ಗಾಬರಿ ಬೇಡ, ಅದು ನೀವು ಅಮೆರಿಕದವರಲ್ಲ ಎಂಬ ಘೋಷಣೆ. ತೆರಿಗೆ ಸಂಖ್ಯೆಯ ಜಾಗಕ್ಕೆ ಪ್ಯಾನ್ ಬರೆದರಾಯಿತು. ಇಲ್ಲಿ ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ರಫ್ತು ಸೇವೆಗೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ವಿದೇಶಿ ಜಮೆಯ ಪತ್ರ ತೆಗೆದಿಡಿ.

ಇಷ್ಟೆಲ್ಲ ನೋಡಿದ ಮೇಲೂ ಹೊಸ ಗಿರಾಕಿ ಹೊಸ ಗಿರಾಕಿಯೇ. ಒಂದು ಮಿತಿ ಹಾಕಿಕೊಳ್ಳಿ: ಮೊದಲ ಬಿಲ್ ಜಮೆಯಾಗುವ ತನಕ ಆ ಏಜೆನ್ಸಿಯ ಮೇಲಿನ ಒಟ್ಟು ಬಾಕಿ ನಿಮ್ಮ ಹದಿನೈದು ದಿನದ ಮನೆಖರ್ಚನ್ನು ದಾಟಬಾರದು. ಮೊದಲ ಕೆಲಸ ಮುಗಿಯುತ್ತಲೇ 30,000 ಪದದ ದೊಡ್ಡ ಫೈಲ್ ಬಂದರೆ ಖುಷಿಪಡುವ ಮೊದಲು ಕಂತು ಕೇಳಿ. ಮೂರನೇ ಒಂದು ಭಾಗ ಮುಂಗಡ, ಅರ್ಧ ಕೆಲಸಕ್ಕೆ ಇನ್ನೊಂದು ಭಾಗ.

ಗಡುವು ಮೀರಿದರೆ ಮರುದಿನವೇ ಲೆಕ್ಕ ವಿಭಾಗಕ್ಕೆ ಪತ್ರ ಹೋಗಲಿ. ನಾಚಿಕೆ ಬೇಡ. ಬ್ರಿಟಿಷ್ ಕಾನೂನಿನ ಒಪ್ಪಂದವಾದರೆ ತಡ ಪಾವತಿಯ 1998ರ ಕಾಯ್ದೆಯನ್ನು ಹೆಸರಿಸಿ. ಅದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮೂಲ ದರದ ಮೇಲೆ ಶೇ 8 ಬಡ್ಡಿ, ಸಾವಿರ ಪೌಂಡಿಗಿಂತ ಕಡಿಮೆ ಬಾಕಿಗೆ 40 ಪೌಂಡ್ ಪರಿಹಾರವಿದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಲ್ಲೂ ಕನಿಷ್ಠ 40 ಯೂರೊ ಇದೆ. 300 ಡಾಲರಿಗಾಗಿ ವಿದೇಶದ ಕೋರ್ಟಿಗೆ ಹೋಗುವವರು ಯಾರೂ ಇಲ್ಲ, ಅದು ಅವರಿಗೂ ಗೊತ್ತು. ಆದರೂ ಬಡ್ಡಿ ಲೆಕ್ಕ ಹಾಕಿದ ಬಿಲ್ಲು ಮೇಜಿನ ಮೇಲೆ ಮೇಲಕ್ಕೆ ಬರುತ್ತದೆ. 'ಹಣ ಪೂರ್ತಿ ಸಂದಾಯವಾದ ಮೇಲೆಯೇ ಅನುವಾದದ ಹಕ್ಕುಸ್ವಾಮ್ಯ ವರ್ಗವಾಗುತ್ತದೆ' ಎಂಬ ಸಾಲು ಒಪ್ಪಂದದಲ್ಲಿ ಮೊದಲೇ ಇದ್ದರೆ ಕೈಗೆ ಇನ್ನಷ್ಟು ಬಲ.

ಅನುವಾದ ಕಮ್ಮಟಗಳಲ್ಲೂ ವಿಶ್ವವಿದ್ಯಾಲಯಗಳ ಅನುವಾದ ಡಿಪ್ಲೊಮಾಗಳಲ್ಲೂ ಸಿದ್ಧಾಂತಕ್ಕೆ ಬೇಕಾದಷ್ಟು ಜಾಗವಿದೆ, ಈ ಹಣದ ಪಾಠಕ್ಕೆ ಇಲ್ಲ. ಒಂದು ಪಿಒ, ಒಂದು ಬಿಲ್ಲು, ಒಂದು ಡಬ್ಲ್ಯು-8ಬೆನ್ ಮುಂದಿಟ್ಟು, ಯಾವುದಾದರೂ ಏಜೆನ್ಸಿಯ ಕಂಪನೀಸ್ ಹೌಸ್ ಪುಟ ತೆರೆದು ವಿದ್ಯಾರ್ಥಿಗಳಿಂದಲೇ ಓದಿಸಿದರೆ ಒಂದು ಮಧ್ಯಾಹ್ನ ಸಾಕು. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಮತ್ತು ವಿಭಾಗಗಳ ಮುಖ್ಯಸ್ಥರು ಮುಂದಿನ ಕಮ್ಮಟದಲ್ಲಿ ಆ ಮಧ್ಯಾಹ್ನವನ್ನು ಬಿಟ್ಟುಕೊಡಲಿ ಎಂದು ಕೇಳಿಕೊಳ್ಳುತ್ತೇವೆ.

— ಕೆಲವು ಸ್ವತಂತ್ರ ಅನುವಾದಕರು, ಮೈಸೂರು