ಫ್ರೇಜರ್‌ಪೇಟೆಯ ಫ್ರೇಜರ್ ಯಾರು?

ಮಾನ್ಯ ಸಂಪಾದಕರೇ,

ಕುಶಾಲನಗರವನ್ನು ಈಗಲೂ ಫ್ರೇಜರ್‌ಪೇಟೆ ಎಂದೇ ಕರೆಯುವ ಹಿರಿಯರು ಕೊಡಗಿನಲ್ಲಿದ್ದಾರೆ. ಆ ಫ್ರೇಜರ್ ಯಾರೆಂದು ಕೇಳಿದರೆ, ಬೆಂಗಳೂರಿನ ಫ್ರೇಜರ್ ಟೌನಿಗೆ ಹೆಸರು ಕೊಟ್ಟ ಅಧಿಕಾರಿಯೇ ಎಂಬ ಉತ್ತರ ಸಭೆಗಳಲ್ಲೂ ವಾಟ್ಸ್‌ಆ್ಯಪ್ ಬರಹಗಳಲ್ಲೂ ಸಿಗುತ್ತಿದೆ. ಇದು ತಪ್ಪು. ಫ್ರೇಜರ್ ಟೌನಿನವನು ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಜರ್. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಾಲ್ಯದಲ್ಲಿ ಗುರುವಾಗಿದ್ದು, 1905ರ ನಂತರ ಮೈಸೂರಿನ ರೆಸಿಡೆಂಟ್, ಅಂದರೆ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಆದವನು. ನಮ್ಮ ಪೇಟೆಗೆ ಹೆಸರು ಕೊಟ್ಟ ಜೇಮ್ಸ್ ಸ್ಟುವರ್ಟ್ ಫ್ರೇಜರ್ ಅವನಿಗಿಂತ 70 ವರ್ಷ ಮೊದಲೇ ಇಲ್ಲಿಗೆ ಬಂದು ಹೋದವನು.

ಜೇಮ್ಸ್ ಸ್ಟುವರ್ಟ್ ಫ್ರೇಜರ್ 1783ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯ ಸೇರಿ, 1834ರ ಏಪ್ರಿಲ್‌ನಲ್ಲಿ ಕರ್ನಲ್ ಲಿಂಡ್ಸೆಯ ದಂಡಿನ ಜೊತೆ ರಾಜಕೀಯ ಪ್ರತಿನಿಧಿಯಾಗಿ ಮಡಿಕೇರಿಗೆ ಬಂದ. ಕೊಡಗಿನ ದೊರೆ ಚಿಕ್ಕವೀರರಾಜೇಂದ್ರ ಶರಣಾದ ಮೇಲೆ, ಮೇ 7ರಂದು, ಕೊಡಗು ಕಂಪನಿಗೆ ಸೇರಿತೆಂದು ಸಾರಿದ ಘೋಷಣೆ ಇವನದೇ. ಜನರ ಹಕ್ಕುಗಳನ್ನೂ ಧಾರ್ಮಿಕ ನಡಾವಳಿಗಳನ್ನೂ ಗೌರವಿಸುತ್ತೇವೆ, ಅವರ ನೆಮ್ಮದಿಯನ್ನು ಹೆಚ್ಚಿಸುತ್ತೇವೆ ಎಂಬ ಭರವಸೆ ಅದರಲ್ಲಿತ್ತು. ಆದರೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಅದೇ ಕಂಪನಿ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು, ಕಂದಾಯವನ್ನು ದವಸದ ಬದಲು ಹಣದಲ್ಲೇ ಕೇಳಿತು. ರೈತರು 1837ರಲ್ಲಿ ದಂಗೆ ಎದ್ದರು, ಆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಫ್ರೇಜರ್ ಮುಂದೆ 1838ರಿಂದ 1852ರವರೆಗೆ ಹೈದರಾಬಾದಿನ ರೆಸಿಡೆಂಟ್ ಆಗಿದ್ದ.

ಈ ಮನೆತನದ ಪೂರ್ವಕಥೆ ತಿಳಿದರೆ ಆ ಘೋಷಣೆಯನ್ನು ಓದುವ ಬಗೆಯೇ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ಜೇಮ್ಸ್ ಫ್ರೇಜರನ ವಂಶ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಲೋವಟ್ ಫ್ರೇಜರರ ಒಂದು ಕವಲು. ನಮ್ಮ ಒಕ್ಕದಂತೆ, ಅಂದರೆ ಕೊಡವ ಮನೆತನದಂತೆ, ಅವರಲ್ಲಿಯೂ ಹೆಸರೇ ಗುರುತು, ಹಿರಿಯನ ಮಾತೇ ಶಾಸನ. 1745ರಲ್ಲಿ, ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ರಾಜವಂಶದ ರಾಜಕುಮಾರ ಬ್ರಿಟನ್ನಿನ ದೊರೆಯ ವಿರುದ್ಧ ದಂಡೆತ್ತಿದಾಗ ಮನೆತನದ ಮುಖ್ಯಸ್ಥ ಲಾರ್ಡ್ ಲೋವಟ್, ಅಂದರೆ ಸೈಮನ್ ಫ್ರೇಜರ್, ತನ್ನ ಜನರನ್ನು ಅವನ ಪರವಾಗಿ ಕಳುಹಿಸಿದ. ಮರುವರ್ಷ ಕಲೋಡನ್ ಬಯಲಿನಲ್ಲಿ ಸೋಲಾಯಿತು. ಮುಪ್ಪಿನ ಲೋವಟ್‌ನ ತಲೆಯನ್ನು 1747ರ ಏಪ್ರಿಲ್ 9ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ಕಡಿಯಲಾಯಿತು. ಬ್ರಿಟನ್ನಿನಲ್ಲಿ ಹೀಗೆ ಶಿರಚ್ಛೇದಕ್ಕೆ ಗುರಿಯಾದ ಕೊನೆಯ ವ್ಯಕ್ತಿ ಅವನು. ಗುಡ್ಡಗಾಡಿನವರ ಆಯುಧಗಳನ್ನು ಕಿತ್ತುಕೊಂಡರು, ಗಂಡಸರ ಸಾಂಪ್ರದಾಯಿಕ ಉಡುಗೆಯನ್ನೂ ಕಾನೂನಿನಿಂದ ನಿಷೇಧಿಸಿದರು. ತೋಕ್ (ಕೋವಿ) ಮತ್ತು ಕುಪ್ಯಚೇಲೆಯ (ಸಾಂಪ್ರದಾಯಿಕ ನಿಲುವಂಗಿ, ನಡುಪಟ್ಟಿ) ಬೆಲೆ ಬಲ್ಲ ಕೊಡಗಿನವರಿಗೆ ಆ ಅವಮಾನದ ಆಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೇ ವರ್ಷಗಳಲ್ಲಿ, 1757ರಲ್ಲಿ, ಅದೇ ಲೋವಟ್‌ನ ಮಗ ಅದೇ ದೊರೆಗಾಗಿ ಫ್ರೇಜರ್ ಹೈಲ್ಯಾಂಡರ್ಸ್ ಎಂಬ ಪಡೆ ಕಟ್ಟಿದ. ಆ ಪಡೆ 1759ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹೋರಾಡಿತು. ಜಪ್ತಿಯಾಗಿದ್ದ ಮನೆತನದ ಜಮೀನು 1774ರಲ್ಲಿ ಮರಳಿ ಸಿಕ್ಕಿತು. ಸಾಮ್ರಾಜ್ಯಕ್ಕೆ ಸೋತವರು ಸಾಮ್ರಾಜ್ಯದ ಕೈಯಾಳುಗಳಾಗಿ ಲೋಕವೆಲ್ಲ ಹರಡಿದ್ದು ಹೀಗೆ, ಮಡಿಕೇರಿಯ ಕೋಟೆಗೆ ಬಂದ ಫ್ರೇಜರ್ ಆ ಸಾಲಿನವನು. ದೆಹಲಿಯಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ವಿಲಿಯಂ ಫ್ರೇಜರ್, ಕೊಡಗು ಕೈವಶವಾದ ಮರುವರ್ಷವೇ, 1835ರಲ್ಲಿ, ಗುಂಡಿಗೆ ಬಲಿಯಾದ. ಮತ್ತೊಬ್ಬ ಸೈಮನ್ ಫ್ರೇಜರ್ 1808ರಲ್ಲಿ ಕೆನಡಾದ ಭಯಂಕರ ಕಣಿವೆಗಳ ನಡುವೆ ಸಮುದ್ರದವರೆಗೆ ಸಾಗಿದ ನದಿಗೆ ಇಂದು ಅವನದೇ ಹೆಸರು. ನ್ಯೂಜಿಲೆಂಡಿನ ಪೀಟರ್ ಫ್ರೇಜರ್, ಆಸ್ಟ್ರೇಲಿಯಾದ ಮಾಲ್ಕಮ್ ಫ್ರೇಜರ್ ಪ್ರಧಾನಿಗಳಾದರು.

ಹಳೆಯ ಹೆಸರನ್ನು ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಕುಶಾಲನಗರ ಎಂಬುದೇ ಇರಲಿ. ಆದರೆ ತಾಲ್ಲೂಕು ಕೇಂದ್ರವಾಗಿರುವ ಈ ಊರಿನಲ್ಲಿ, ಬಸ್ ನಿಲ್ದಾಣದ ಬಳಿಯೋ ಕಾವೇರಿ ಸೇತುವೆಯ ಬಳಿಯೋ, ಈ ಹೆಸರು ಯಾರದು ಎಂದು ಕನ್ನಡದಲ್ಲಿ ತಿಳಿಸುವ ಒಂದು ಫಲಕವನ್ನು ಸ್ಥಳೀಯ ಆಡಳಿತ ಹಾಕಿಸಬೇಕೆಂದು ಕೋರುತ್ತೇನೆ. ಅದರಲ್ಲಿ 1834ರ ಘೋಷಣೆಯ ಜೊತೆಗೆ 1837ರ ಹೋರಾಟವೂ ಅಪ್ಪಯ್ಯ ಗೌಡರ ಹೆಸರೂ ಇರಲೇಬೇಕು.

— ಓದುಗರೊಬ್ಬರು, ಸೋಮವಾರಪೇಟೆ